ಕಾಕನ ಲೈಸೆನ್ಸಿನ ಮೇಲೆ ಬೇರೆಯವರ ಪಾಯಿಂಟು

ನಮ್ಮ ಮ್ಯಾನೇಜರರ ಲೈಸೆನ್ಸ್ ಅಮಾನತಾದ ಸುದ್ದಿ ಆಫೀಸಿಗೆ ಬಂದದ್ದು ಯಾರೋ ತೀರಿಕೊಂಡ ಸುದ್ದಿ ಬಂದ ಹಾಗೆ. ಎಲ್ಲರೂ ದನಿ ತಗ್ಗಿಸಿದರು. ಎಚ್‌ಆರ್ ವಿಭಾಗದ ಹೆಂಗಸು ತಾನೇ ಚಹಾ ಮಾಡಿಕೊಂಡು ಅವರ ಕ್ಯಾಬಿನ್ನಿಗೆ ಹೋದಳು. ಅಕೌಂಟ್ಸಿನವರು ನನ್ನ ಮೇಜಿನ ಬಳಿ ನಿಂತು, "ಪಾಪ, ಎಂಥಾ ಮನುಷ್ಯನಿಗೆ ಎಂಥಾ ಗತಿ" ಎಂದು ತಲೆಯಾಡಿಸಿದರು.

ಗತಿ ಬಂದದ್ದು ಹೀಗೆ. ಶನಿವಾರ ಮಧ್ಯಾಹ್ನ ದೊಡ್ಡ ಹೋಟೆಲಿನಲ್ಲಿ ಕೂತು, ಸಾಕು ಎನ್ನುವವರೆಗೆ ತಿಂದು, ಸಾಕು ಎನ್ನದೆ ಕುಡಿಯುವುದಕ್ಕೆ ಈ ಊರಲ್ಲಿ ಬ್ರಂಚ್ ಎಂದು ಮರ್ಯಾದೆಯ ಹೆಸರು. ಅದನ್ನು ಮುಗಿಸಿ ತಾವೇ ಸ್ಟೇರಿಂಗ್ ಹಿಡಿದು ಹೊರಟ ನಮ್ಮ ಮ್ಯಾನೇಜರರು ಸಿಗ್ನಲ್‌ನಲ್ಲಿ ಸುಮ್ಮನೆ ನಿಂತಿದ್ದ ಒಂದು ಟ್ಯಾಕ್ಸಿಯ ಹಿಂಭಾಗಕ್ಕೆ ಗುದ್ದಿದ್ದರು. ಪೊಲೀಸರು ಊದಿಸಿದರು. ಕೋರ್ಟು ದಂಡ ಹಾಕಿತು, ಕೆಲವು ತಿಂಗಳ ಮಟ್ಟಿಗೆ ಲೈಸೆನ್ಸ್ ಕಿತ್ತುಕೊಂಡಿತು. ಟ್ಯಾಕ್ಸಿಯವನ ಕುತ್ತಿಗೆಗೆ ಪಟ್ಟಿ ಬಿದ್ದಿತ್ತು. ಅವನು ಈಗ ಹೇಗಿದ್ದಾನೆ ಎಂದು ನಾನು ಕೇಳಿದ್ದಕ್ಕೆ ಅಕೌಂಟ್ಸಿನವರು, "ಅದನ್ನ ಇನ್ಶೂರೆನ್ಸ್ ನೋಡ್ಕೊಳ್ಳುತ್ತೆ ಬಿಡಿ ಮೇಡಂ" ಎಂದರು. ಕುತ್ತಿಗೆಯನ್ನೂ ಇನ್ಶೂರೆನ್ಸೇ ನೋಡಿಕೊಳ್ಳುವ ಕಾಲ!

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನಲ್ಲಿರುವ ನಮ್ಮ ಗೋದಾಮಿನಿಂದ ಶಾಲೆಗಳ, ಆಸ್ಪತ್ರೆಗಳ ಅಡುಗೆಮನೆಗೆ ತರಕಾರಿ, ಮೀನು, ಮಾಂಸ ತಂಪು ಲಾರಿಗಳಲ್ಲಿ ಹೋಗುತ್ತದೆ. ಯಾವ ಗಾಡಿ ಎಲ್ಲಿಗೆ, ಯಾವ ಡ್ರೈವರ್ ಯಾವ ಗಾಡಿಗೆ ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಹಾಗಾಗಿ ಆ 'ಗತಿ' ನೇರವಾಗಿ ನನ್ನ ಮೇಜಿಗೇ ಬಂತು.

"ಮೇಡಮ್ಮೋರೇ, ನಂಗೊಬ್ಬ ಡ್ರೈವರ್ ಬೇಕಲ್ಲ" ಎಂದರು ಮ್ಯಾನೇಜರರು, ನನ್ನನ್ನು ಕ್ಯಾಬಿನ್ನಿಗೆ ಕರೆಸಿ. ಅವರು ಬೆಂಗಳೂರಿನವರು. ಯಾವ ಮಾತನ್ನೂ ನಗುತ್ತಲೇ ಹೇಳುವವರು.

"ಮೆಟ್ರೋ ಉಂಟಲ್ಲ ಸರ್. ಟ್ಯಾಕ್ಸಿಯೂ ಉಂಟು. ಟ್ಯಾಕ್ಸಿಯವರಿಗೆ ನಿಮ್ಮ ಗುರುತೂ ಉಂಟು."

ಅವರು ಇನ್ನೂ ಜೋರಾಗಿ ನಕ್ಕರು. "ಸರಿಯಾಗಿ ಕೊಟ್ರಿ ಬಿಡಿ! ಆದ್ರೆ ಕ್ಲೈಂಟ್ ಮುಂದೆ ಬೆವರು ಒರೆಸ್ಕೊಂಡು ನಿಂತ್ಕೊಳ್ಳೋಕಾಗುತ್ತಾ ಹೇಳಿ? ಕಾಕನ್ನ ಕೊಟ್ಬಿಡಿ. ನಿಧಾನಸ್ಥ, ಬಾಯಿಲ್ಲ."

ಕಾಕ ಬಂಟ್ವಾಳದ ಕಡೆಯ ಬ್ಯಾರಿ. ನಮ್ಮ ಯಾರ್ಡಿನ ಮಲಯಾಳಿಗಳಿಗೂ ಪಠಾಣರಿಗೂ ಅವರು ಕಾಕನೇ. ವಯಸ್ಸಿನಲ್ಲಿ ನನ್ನ ಸೋದರಮಾವನಷ್ಟು ದೊಡ್ಡವರು, ಆದರೂ ಊರಿನ ರೂಢಿಯಂತೆ ನನ್ನನ್ನು ಕರೆಯುವುದು ಅಕ್ಕ ಎಂದು. ಬಾಯಿಲ್ಲ ಎಂದದ್ದು ಮಾತ್ರ ಸುಳ್ಳು. ಯಾರ್ಡಿನಲ್ಲಿ ಕಾಕ ಬಾಯಿ ತೆರೆದರೆ ಲೋಡ್ ಮಾಡುವವರು ಕೆಲಸ ಬಿಟ್ಟು ನಗುತ್ತಾರೆ. ಮ್ಯಾನೇಜರರ ಎದುರಿಗೆ ಮಾತ್ರ ಆ ಬಾಯಿ ಇರುವುದಿಲ್ಲ, ಏಕೆಂದರೆ ವೀಸಾ ನವೀಕರಣಕ್ಕೂ ರಜೆಗೂ ಸಹಿ ಹಾಕುವ ಕೈ ಅವರದು.

ಕಾಕನ ಲೈಸೆನ್ಸಿನ ಮೇಲೆ ಮೊದಲೇ, ತಪ್ಪಿಗಿಷ್ಟೆಂದು ಪೊಲೀಸರು ಲೆಕ್ಕ ಇಡುವ ಒಂದಿಷ್ಟು ಕಪ್ಪು ಪಾಯಿಂಟುಗಳಿದ್ದವು. ಒಂದು ಸಲ ಸವೆದ ಟಯರಿಗೆ, ಇನ್ನೊಂದು ಸಲ ಅತಿಭಾರಕ್ಕೆ. ಟಯರು ಕಂಪನಿಯದು, ಭಾರ ಹೇರಿಸಿದ್ದು ಕಂಪನಿ, ಪಾಯಿಂಟು ಮಾತ್ರ ಕಾಕನದು. ಇನ್ನೊಂದು ದೊಡ್ಡ ತಪ್ಪು ಬಿದ್ದರೆ ಅವರ ಲೈಸೆನ್ಸೂ ಅಮಾನತು. ಮ್ಯಾನೇಜರರ ಲೈಸೆನ್ಸ್ ಹೋದರೆ ಅವರಿಗೆ ಡ್ರೈವರ್ ಸಿಗುತ್ತಾನೆ. ಕಾಕನ ಲೈಸೆನ್ಸ್ ಹೋದರೆ ಊರಿಗೆ ಟಿಕೆಟ್ ಸಿಗುತ್ತದೆ.

ಬೇಡವೆಂದು ಎಚ್‌ಆರಿಗೆ ಬರೆದೆ. ಲಾರಿ ಡ್ರೈವರರನ್ನು ಕಾರಿಗೆ ಹಾಕಿದರೆ ಬೆಳಗಿನ ಸರಬರಾಜು ತಪ್ಪುತ್ತದೆ ಎಂದು ಕಾರಣ ಕೊಟ್ಟೆ. "ಇದು ತಾತ್ಕಾಲಿಕ, ಸ್ವಲ್ಪ ಮಾನವೀಯತೆ ಇರಲಿ" ಎಂದು ಉತ್ತರ ಬಂತು. ಮಾನವೀಯತೆ ಎಂಬ ಶಬ್ದವನ್ನು ನೋಡಿ ನಾನು ಕುರ್ಚಿಯಿಂದ ಎದ್ದು ನೀರು ಕುಡಿದು ಬರಬೇಕಾಯಿತು.

ನಮ್ಮ ಎಲ್ಲ ಗಾಡಿಗಳಲ್ಲೂ ಸ್ಟೇರಿಂಗಿನ ಕೆಳಗೆ ಒಂದು ಸಣ್ಣ ಗುಂಡಿಯಿದೆ. ಪ್ರತಿ ಡ್ರೈವರನಿಗೂ ಕೀ ಗೊಂಚಲಿಗೆ ಸಿಕ್ಕಿಸುವಷ್ಟು ಸಣ್ಣದೊಂದು ಟ್ಯಾಗ್. ಅದನ್ನು ಮುಟ್ಟಿಸದೆ ಎಂಜಿನ್ ಹೊತ್ತಿಕೊಳ್ಳುವುದಿಲ್ಲ. ಮುಟ್ಟಿಸಿದ ಮೇಲೆ ಆ ಗಾಡಿ ಮಾಡುವುದೆಲ್ಲ, ಅಂದರೆ ವೇಗ, ಜೋರು ಬ್ರೇಕು, ಅಡ್ಡಾದಿಡ್ಡಿ ತಿರುವು, ಆ ಡ್ರೈವರನ ಹೆಸರಿನಲ್ಲಿ ನನ್ನ ಪರದೆಗೆ ಬರುತ್ತದೆ. ಕಾಕನ ಹೆಸರಿನ ಎದುರು ಆ ತನಕ ಕೆಂಪು ಬಣ್ಣ ನಾನು ನೋಡಿದ್ದು ಅಪರೂಪ. ಬದನೆಕಾಯಿ ತುಂಬಿದ ಲಾರಿಯನ್ನು ಮಗು ಮಲಗಿದ ತೊಟ್ಟಿಲಿನಂತೆ ಓಡಿಸುವವರು. ಕಾರಿಗೆ ಹಾಕಿದ ಮೇಲೆ ಮಧ್ಯಾಹ್ನದ ಹೊತ್ತು, ಅಬುಧಾಬಿ ಕಡೆಯಿಂದ, ಕೆಂಪು ಬರತೊಡಗಿತು. ಜೋರು ಬ್ರೇಕ್. ಮತ್ತೆ ಜೋರು ಬ್ರೇಕ್. ವಿಲ್ಲಾಗಳ ನಡುವೆ ಅತಿವೇಗ.

ಕರೆದು ಬೈದೆ. "ಎಂತ ಕಾಕ, ಕಾರು ಸಿಕ್ಕಿದ ಕೂಡ್ಲೇ ಪ್ರಾಯ ತಿರುಗಿ ಬಂತಾ?"

ಕಾಕ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತರು. "ಇನ್ನು ನೋಡಿಕೊಳ್ತೇನೆ ಅಕ್ಕ." ಅಷ್ಟೇ. ಲೋಡಿಂಗಿನವರನ್ನು ನಗಿಸುವ ಮನುಷ್ಯ ನನ್ನ ಗೇಲಿಗೆ ತಿರುಗಿ ಒಂದು ಮಾತು ಬಿಡಲಿಲ್ಲ. ಅಲ್ಲೇ ನನಗೆ ತಿಳಿಯಬೇಕಿತ್ತು.

ತಿಳಿದದ್ದು ಬೆಳಗಿನ ತಪಾಸಣೆಯಲ್ಲಿ. ಪ್ರತಿ ಗಾಡಿಯನ್ನು ಹೊರಗೆ ಬಿಡುವ ಮೊದಲು ಟಯರು, ದೀಪ, ಕನ್ನಡಿ, ಬೆಲ್ಟು ನೋಡುವುದು ನಮ್ಮ ಕ್ರಮ. ಆ ದಿನ ಕಾರಿನ ಸರದಿ ನಾನೇ ನೋಡಿದೆ. ಕಾಕ ಗಿಡ್ಡ. ಸೀಟನ್ನು ಹೊಟ್ಟೆ ಸ್ಟೇರಿಂಗಿಗೆ ತಾಗುವಷ್ಟು ಮುಂದೆ ಎಳೆದುಕೊಳ್ಳುತ್ತಾರೆ, ಕೆಳಗೊಂದು ಕುಶನ್ ಬೇರೆ. ಈಗ ನೋಡಿದರೆ ಕುಶನ್ ಹಿಂದಿನ ಸೀಟಿನಲ್ಲಿ ಬಿದ್ದಿತ್ತು. ಮುಂದಿನ ಸೀಟು ಹಳಿಯ ಕೊನೆಯವರೆಗೆ ಹಿಂದೆ ಹೋಗಿ, ಬೆನ್ನು ವಾಲಿಸಿಕೊಂಡು ಕೂತಿತ್ತು. ಒಳಗಿನ ಕನ್ನಡಿಯಲ್ಲಿ ನನಗೆ ಕಂಡದ್ದು ಗಾಡಿಯ ಮಾಡು.

"ಕಾಕ, ರಾತ್ರಿ ಬೆಳಗಾಗುವುದರೊಳಗೆ ನಿಮ್ಮ ಕಾಲು ಉದ್ದ ಆಯ್ತಾ ಹೇಗೆ?"

ಕಾಕ ಮೊದಲು ನಕ್ಕರು. ಆಮೇಲೆ ಸುತ್ತ ನೋಡಿದರು. "ಮರೆತುಹೋಯ್ತು ಅಕ್ಕ, ಸೀಟು ಮುಂದೆ ಮಾಡ್ಲಿಕ್ಕೆ."

"ಯಾರು ಹಿಂದೆ ಮಾಡಿದ್ದು?"

"ನಿಮಗೆ ಗೊತ್ತಿಲ್ವಾ? ನಮ್ಮಲ್ಲಿ ಲೈಟುಕಂಬದಷ್ಟು ಎತ್ತರದವರು ಎಷ್ಟು ಜನ ಇದ್ದಾರೆ?"

ಆಮೇಲೆ ಒಂದೊಂದಾಗಿ ಹೊರಬಂತು. ದೊಡ್ಡ ರಸ್ತೆಯಲ್ಲಿ ಕಾಕ ಓಡಿಸುವುದು. ಅಬುಧಾಬಿಯ ನಮ್ಮ ಡಿಪೋ ತಲುಪಿದ ಮೇಲೆ, ಅಲ್ಲಿಂದ ಖಲೀಫಾ ಸಿಟಿಯ ಶಾಲೆಗಳಿಗೆ, ಕ್ಲೈಂಟುಗಳ ವಿಲ್ಲಾಗಳಿಗೆ, ಮ್ಯಾನೇಜರರು ಓಡಿಸುವುದು. ಒಳರಸ್ತೆಯಲ್ಲಿ ಪೊಲೀಸರಿರುವುದಿಲ್ಲ, ಅಲ್ಲಿ ನಡೆಯುತ್ತದೆ ಎಂದು ಅವರು ತಮಗೆ ತಾವೇ ಅನುಮತಿ ಕೊಟ್ಟುಕೊಂಡಿದ್ದರು. ಟ್ಯಾಗ್ ಮುಟ್ಟಿಸಿಕೊಡುವುದು ಕಾಕ.

"ನನ್ನ ಬಾಯಿಂದ ಬೈಗಳು ತಿಂದಿರಲ್ಲ ಕಾಕ, ಆಗ ಹೇಳ್ಬಾರ್ದಿತ್ತಾ?"

"ಹೇಳಿದರೆ ನೀವು ಸುಮ್ಮನೆ ಕೂತುಕೊಳ್ಳುವ ಜನವಾ? ನಾನು ಹೆದರಿದ್ದು ಅವರಿಗಲ್ಲ, ನಿಮಗೆ."

ನಾನು ಸೀದಾ ಕ್ಯಾಬಿನ್ನಿಗೆ ಹೋದೆ. ಬಾಗಿಲು ತಟ್ಟಲಿಲ್ಲ. ಮ್ಯಾನೇಜರರು ಫೋನಿನಲ್ಲಿದ್ದರು. ನನ್ನ ಮುಖ ನೋಡಿ ಇಟ್ಟುಬಿಟ್ಟರು.

"ಅಯ್ಯೋ, ಎರಡು ಗಲ್ಲಿ ಕಣ್ರೀ" ಎಂದರು. "ಕೋರ್ಟ್ ಹೇಳಿದ್ದು ರೋಡಲ್ಲಿ ಓಡಿಸ್ಬೇಡ ಅಂತ. ವಿಲ್ಲಾಗಳ ಮಧ್ಯದ ಗಲ್ಲೀನೂ ರೋಡಾ?"

"ಟಾರು ಹಾಕಿದ್ದೆಲ್ಲ ರೋಡೇ ಸರ್. ಅಲ್ಲಿ ಮಕ್ಕಳು ಸೈಕಲ್ ಬಿಡ್ತಾರೆ."

"ನಿಮ್ಮ ಉಡುಪಿ ಕಡೆಯವರಿಗೆ ಎಲ್ಲದಕ್ಕೂ ಒಂದು ಶಾಸ್ತ್ರ. ಕಾಕ ಇಪ್ಪತ್ತರಲ್ಲಿ ಹೋಗ್ತಾನೆ, ನಂಗೆ ಮೀಟಿಂಗ್ ತಪ್ಪುತ್ತೆ. ಸರಿ, ಇನ್ಮೇಲೆ ಮುಟ್ಟಲ್ಲ. ಪ್ರಾಮಿಸ್. ಸಿಟ್ಟು ಬಿಡಿ, ಖಜೂರ ತಗೊಳ್ಳಿ."

ಖಜೂರ ತೆಗೆದುಕೊಳ್ಳಲಿಲ್ಲ, ಆದರೆ ಮಾತನ್ನು ತೆಗೆದುಕೊಂಡೆ. ಟ್ಯಾಗ್ ಯಾರದೋ ಸ್ಟೇರಿಂಗೂ ಅವರದೇ ಆಗಿರಬೇಕೆಂದು ಎಚ್‌ಆರಿಗೊಂದು ಮೇಲ್ ಹಾಕಿದೆ. 'ಗಮನಿಸಲಾಗಿದೆ' ಎಂದು ಬಂತು.

ವಾರ ಕಳೆಯುವುದರೊಳಗೆ ಪೊಲೀಸರ ಸಂದೇಶ ಕಂಪನಿಯ ಫೋನಿಗೆ ಬಂತು. ಖಲೀಫಾ ಸಿಟಿಯ ಸಿಗ್ನಲ್ಲಿನಲ್ಲಿ ನಮ್ಮ ಕಾರು ಕೆಂಪು ದೀಪ ದಾಟಿದೆ. ದಂಡ, ಗಾಡಿಯ ಜಪ್ತಿ, ಜೊತೆಗೆ ಪಾಯಿಂಟುಗಳು. ಗಾಡಿ ಕಂಪನಿಯ ಹೆಸರಿನಲ್ಲಿರುವುದರಿಂದ ಓಡಿಸಿದವರು ಯಾರೆಂದು ಕಂಪನಿ ತಿಳಿಸಬೇಕು. ತಿಳಿಸುವ ಅಧಿಕಾರ ನನ್ನದು. ಕ್ಯಾಮೆರಾ ಹಿಡಿದದ್ದು ಹಿಂದಿನಿಂದ, ನಂಬರ್ ಪ್ಲೇಟು ಮಾತ್ರ. ನನ್ನ ಪರದೆಯಲ್ಲಿ ಆ ಹೊತ್ತಿಗೆ ಕಾಕನ ಟ್ಯಾಗ್.

ಕಾಕನನ್ನು ಕರೆಯುವ ಮೊದಲೇ ಮ್ಯಾನೇಜರರು ನನ್ನ ಮೇಜಿಗೆ ಬಂದರು. ಅವರು ನಮ್ಮ ವಿಭಾಗಕ್ಕೆ ಕಾಲಿಟ್ಟದ್ದೇ ಮೊದಲು.

"ಕಾಕನ ಮೇಲೆ ಹಾಕ್ಬಿಡಿ ಮೇಡಮ್ಮೋರೇ."

"ಓಡಿಸಿದ್ದು ಕಾಕನಾ?"

"ಸಿಸ್ಟಮ್ ಏನ್ ಹೇಳುತ್ತೆ? ಕಾಕ ಅಂತ ಹೇಳುತ್ತೆ. ನೀವು ಸುಳ್ಳು ಹೇಳ್ತಿಲ್ಲ, ಸಿಸ್ಟಮ್ ಹೇಳಿದ್ದನ್ನ ಹೇಳ್ತಿದ್ದೀರ. ನನ್ನ ಹೆಸರು ಬಂದ್ರೆ ಜೈಲು ಕಣ್ರೀ. ಮಕ್ಕಳು ಇಲ್ಲೇ ಓದ್ತಾ ಇದಾವೆ." ಅಷ್ಟು ಹೇಳುವಾಗ ಮಾತ್ರ ಅವರು ನಗಲಿಲ್ಲ.

ಇಲ್ಲಿ ಬದುಕುವವರಿಗೆ ಇದು ಹೊಸತಲ್ಲ. ಗಂಡನ ಪಾಯಿಂಟನ್ನು ಹೆಂಡತಿ ತೆಗೆದುಕೊಳ್ಳುತ್ತಾಳೆ, ಅಣ್ಣನದನ್ನು ತಮ್ಮ. ನಮ್ಮ ಊರಿನವರ ವಾಟ್ಸ್ಯಾಪ್ ಗುಂಪಿನಲ್ಲಿ ರಕ್ತ ಬೇಕೆಂದು ಕೇಳುವಷ್ಟೇ ಸಲೀಸಾಗಿ, 'ಯಾರ ಲೈಸೆನ್ಸ್ ಕ್ಲೀನ್ ಇದೆ? ಅರ್ಜೆಂಟ್' ಎಂದು ಕೇಳುತ್ತಾರೆ. ಕೊಟ್ಟವರನ್ನು ಉಪಕಾರಿ ಎನ್ನುತ್ತಾರೆ, ಬಿರಿಯಾನಿ ತಿನ್ನಿಸುತ್ತಾರೆ. ಅದನ್ನು ಸುಳ್ಳು ಎಂದು ಯಾರೂ ಕರೆಯುವುದಿಲ್ಲ. ಆದರೆ ಉಪಕಾರ ಮೇಲಿನಿಂದ ಕೆಳಕ್ಕೆ ಇಳಿದದ್ದನ್ನು ನಾನಂತೂ ನೋಡಿಲ್ಲ. ಡ್ರೈವರನ ಪಾಯಿಂಟನ್ನು ಯಾವ ಮ್ಯಾನೇಜರನೂ ತನ್ನ ಲೈಸೆನ್ಸಿಗೆ ಹಾಕಿಸಿಕೊಂಡ ಕಥೆ ಈ ದೇಶದಲ್ಲಿ ಹುಟ್ಟಿಲ್ಲ.

ಮಧ್ಯಾಹ್ನ ಕಾಕ ತಾವೇ ಬಂದರು. "ಹಾಕಿಬಿಡಿ ಅಕ್ಕ."

"ಹಾಕಿದರೆ ನಿಮ್ಮ ಲೈಸೆನ್ಸ್ ಹೋಗ್ತದೆ. ಗೊತ್ತುಂಟಲ್ಲ?"

"ಗೋದಾಮಿನಲ್ಲಿ ಕೆಲಸ ಕೊಡ್ತಾರಂತೆ."

"ಬರೆದು ಕೊಟ್ಟಿದ್ದಾರಾ?"

"ಬಾಯಲ್ಲಿ ಹೇಳಿದ್ದಾರೆ."

"ಸ್ಟೇರಿಂಗ್ ಮುಟ್ಟುದಿಲ್ಲ ಅಂತ ನನಗೂ ಅದೇ ಬಾಯಲ್ಲಿ ಹೇಳಿದ್ದು ಮಾರ್ರೆ!"

ನನ್ನ ದನಿ ಹೊರಗಿನ ಯಾರ್ಡಿಗೆ ಕೇಳಿಸಿರಬೇಕು. ಕಾಕ ಮಾತ್ರ ತಣ್ಣಗೆ, "ನೀವು ಮೈಮೇಲೆ ಹಾಕಿಕೊಳ್ಳಬೇಡಿ" ಎಂದು ಹೋದರು. ನನಗೆ ಕಾಕನ ಮೇಲೂ ಸಿಟ್ಟು ಬಂತು. ಇವರ ಈ ತಾಳ್ಮೆಯ ಮೇಲೆಯೇ ಅಲ್ಲವೇ ಉಳಿದವರೆಲ್ಲ ಸೋಫಾ ಹಾಕಿಕೊಂಡು ಕೂತಿರುವುದು?

ಸಿಲಿಕಾನ್ ಓಯಸಿಸ್‌ನ ನಮ್ಮ ಫ್ಲಾಟಿನಲ್ಲಿ ಆ ಸಂಜೆ ಪಾತ್ರೆಗಳು ಹೆಚ್ಚು ಸದ್ದು ಮಾಡಿದವು. "ಹೆಸರು ಹಾಕುದು ನಿನ್ನ ಕೆಲಸ. ಸಿಸ್ಟಮ್ಮಿನಲ್ಲಿದ್ದ ಹೆಸರು ಹಾಕು, ಖಲಾಸ್" ಎಂದರು ಯಜಮಾನರು. ಮಗಳು ಹೋಮ್‌ವರ್ಕಿನಿಂದ ತಲೆಯೆತ್ತಿ, "ಮಮ್ಮಾ, ಆರ್ ಯೂ ಆಂಗ್ರಿ ವಿತ್ ಅಸ್?" ಎಂದು ಕೇಳಿದಳು.

"ನಿಮ್ಮ ಮೇಲಲ್ಲ."

"ದೆನ್ ವೈ ಆರ್ ಯೂ ಹಿಟಿಂಗ್ ದಿ ಚಪಾತಿ?"

ಲಟ್ಟಣಿಗೆ ಕೆಳಗಿಟ್ಟೆ. ಯಜಮಾನರು ಹೇಳಿದ್ದರಲ್ಲಿ ಒಂದು ಮಾತು ಸರಿಯಿತ್ತು: ಹೆಸರು ಹಾಕುವುದು ನನ್ನ ಕೆಲಸ. ಪೊಲೀಸರ ಎದುರು, ನನ್ನ ಗುರುತಿನ ಸಂಖ್ಯೆಯಿಂದ, 'ಓಡಿಸಿದವರು ಇವರು' ಎಂದು ಹೇಳುವುದು ಸಿಸ್ಟಮ್ ಅಲ್ಲ, ನಾನು. ಹಾಗಿದ್ದರೆ ಯಾರು ಓಡಿಸಿದ್ದೆಂದು ತೋರಿಸುವ ಸಾಕ್ಷಿ ಹುಡುಕುವುದೂ ನನ್ನದೇ ಕೆಲಸ.

ಮರುದಿನ ಬೆಳಿಗ್ಗೆ ತರಕಾರಿ ಲಾರಿಯಲ್ಲಿ ಕೂತು ಅಬುಧಾಬಿ ಡಿಪೋಗೆ ಹೋದೆ. ಕಾರು ಕೆಂಪು ದೀಪ ದಾಟುವ ಸ್ವಲ್ಪ ಮೊದಲು ಹೊರಟದ್ದು ಅಲ್ಲಿಂದಲೇ. ಗೇಟಿನ ಕ್ಯಾಮೆರಾದ ಚಿತ್ರಗಳು ಕೆಲವು ದಿನ ಮಾತ್ರ ಉಳಿಯುತ್ತವೆ, ಆಮೇಲೆ ಹೊಸತು ಹಳತನ್ನು ಅಳಿಸುತ್ತದೆ. ಸೆಕ್ಯುರಿಟಿಯ ಮಲಯಾಳಿ, "ಮ್ಯಾನೇಜರ್ ಸಾರ್ ಹೇಳದೆ ತೋರಿಸ್ಲಿಕ್ಕೆ ಆಗ್ಲಿಕ್ಕಿಲ್ಲ ಚೇಚಿ" ಎಂದ. ಗಾಡಿಗಳ ಚಲನೆಯ ದಾಖಲೆ ಕೇಳುವ ಹಕ್ಕು ನನಗಿದೆ, ಅದು ನನ್ನ ನೇಮಕಾತಿಯಲ್ಲೇ ಇದೆ ಎಂದು ಫೋನಿನಲ್ಲಿ ತೆಗೆದು ತೋರಿಸಿದೆ. ಅವನು ಓದಿ, ಕುರ್ಚಿ ನನ್ನತ್ತ ತಳ್ಳಿ, "ನಾನು ಚಹಾ ಕುಡಿದು ಬರ್ತೇನೆ" ಎಂದು ಎದ್ದುಹೋದ.

ಚಿತ್ರದಲ್ಲಿ ದನಿಯಿಲ್ಲ. ಕಾಕ ಎಡಗಡೆಯ, ಅಂದರೆ ಈ ದೇಶದಲ್ಲಿ ಸ್ಟೇರಿಂಗ್ ಇರುವ ಕಡೆಯ, ಬಾಗಿಲಿನಿಂದ ಬಗ್ಗಿ ಟ್ಯಾಗ್ ಮುಟ್ಟಿಸುತ್ತಾರೆ. ಕುಶನ್ ತೆಗೆದು ಹಿಂದಕ್ಕೆ ಹಾಕುತ್ತಾರೆ. ಗಾಡಿಗೆ ಸುತ್ತು ಬಂದು ಬಲಗಡೆ ಕೂರುತ್ತಾರೆ. ಮ್ಯಾನೇಜರರು ಫೋನಿನಲ್ಲಿ ಮಾತಾಡುತ್ತಲೇ ಬಂದು, ಬಾಯಿಗೆ ಏನೋ ಹಾಕಿಕೊಂಡು, ಎಡಗಡೆ ಕೂತು ಬಾಗಿಲು ಹಾಕಿಕೊಳ್ಳುತ್ತಾರೆ. ಒಲೆ ಹೊತ್ತಿಸಿ, ಮಣೆ ಹಾಕಿ, ಬದಿಗೆ ಸರಿದು ನಿಲ್ಲುವ ಆಳಿನ ಹಾಗಿತ್ತು ಕಾಕನ ನಡಿಗೆ. ಅಷ್ಟು ಹೊತ್ತು ನನ್ನಲ್ಲಿ ಕುದಿಯುತ್ತಿದ್ದದ್ದು ಆ ನಡಿಗೆ ನೋಡಿದ ಮೇಲೆ ಗಟ್ಟಿಯಾಯಿತು. ಪ್ರತಿ ಮಾಡಿಕೊಂಡೆ. ಕಾರು ಓಡಿಸಿದವರು ಟ್ಯಾಗಿನವರಲ್ಲ, ಆದ್ದರಿಂದ ಟ್ಯಾಗಿನವರ ಹೆಸರು ನಾನು ಕೊಡುವುದಿಲ್ಲ, ಚಿತ್ರವನ್ನು ಪೊಲೀಸರಿಗೆ ಕೊಡುತ್ತೇನೆ ಎಂದು ಮಾಲೀಕರಿಗೆ ನೇರ ಮೇಲ್ ಬರೆದೆ, ಎಚ್‌ಆರಿಗೆ ಪ್ರತಿ. ಉತ್ತರಕ್ಕೆ ಕಾಯಲಿಲ್ಲ.

ಆದರೆ ಚಿತ್ರ ಒಂದೇ ಸಾಲದು, ಕಾಕ ಬಾಯಿಬಿಡಬೇಕು. ವಾಪಸು ಬಂದು ಅವರ ಪಕ್ಕ ಕೂತೆ. "ನಾನು ನಿಮ್ಮ ಹೆಸರು ಹಾಕುದಿಲ್ಲ ಕಾಕ. ಬೇರೆ ಯಾರಾದ್ರೂ ಹಾಕಿಯಾರು, ನನಗೆ ಗೊತ್ತಿಲ್ಲ. ಬರ್ತೀರಾದ್ರೆ ಈಗ ಹೋಗುವ."

ಕಾಕ ಟೋಪಿ ತೆಗೆದು ಮಡಚಿದರು. ಆಮೇಲೆ ಕೇಳಿದರು: "ಅಲ್ಲಿ ಎಂತ ಹೇಳುದು?"

"ಆದದ್ದನ್ನು."

"ಹಿಂದಿಯಲ್ಲಾ?"

"ಹಿಂದಿಯಲ್ಲೇ. ಯಲ್ಲಾ, ಏಳಿ."

ಟ್ರಾಫಿಕ್ ವಿಭಾಗದ ಕೌಂಟರಿನಲ್ಲಿದ್ದ ಅಧಿಕಾರಿಗೆ ಹೆಚ್ಚೆಂದರೆ ಕಾಕನ ಮಗನ ವಯಸ್ಸು. ಚಿತ್ರವನ್ನು ಎರಡು ಸಲ ನೋಡಿದ. ಹಿಂದಿಯಲ್ಲಿ ಕಾಕನನ್ನು ಕೇಳಿದ: "ಓಡಿಸಿದ್ದು ನೀನಾ?"

ಕಾಕ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಈ ಉತ್ತರಕ್ಕೆ ನನ್ನ ಮುಖದ ಆಸರೆ ಇರಬಾರದಿತ್ತು.

"ಅಲ್ಲ."

"ಅವನಿಗೆ ಲೈಸೆನ್ಸ್ ಇಲ್ಲ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಕೊಟ್ಟೆ?"

"ಅವರು ಮುದೀರ್. ಕೊಡು ಅಂದರು."

ಅಧಿಕಾರಿ ಪೆನ್ನು ಕೆಳಗಿಟ್ಟ. ಮುದೀರ್ ಎಂದರೆ ಇಲ್ಲಿ ಮೇಲಧಿಕಾರಿ, ಎಲ್ಲ ಬಾಗಿಲುಗಳನ್ನೂ ತೆರೆಯುವ ಶಬ್ದ. "ಗಾಡಿಯೊಳಗೆ ಮುದೀರ್ ನೀನು, ಲೈಸೆನ್ಸ್ ಇರುವುದು ನಿನ್ನ ಹತ್ತಿರ" ಎಂದು ಗದರಿದ. ಅವನು ಯಾರಿಗಾದರೂ ಗುದ್ದಿದ್ದರೆ ನೀನೂ ಅವನ ಜೊತೆ ಒಳಗಿರುತ್ತಿದ್ದೆ ಎಂದ. ಕಾಕನ ಕಿವಿ ಕೆಂಪಾಯಿತು. ಅಷ್ಟೂ ಬೈಗಳು ನ್ಯಾಯವಾದದ್ದೇ. ಹೇಳಿಕೆ ಬರೆಸಿಕೊಂಡ, ಸಹಿ ಹಾಕಿಸಿದ. ಪಾಯಿಂಟು ಕಾಕನ ಮೇಲೆ ಬೀಳುವುದಿಲ್ಲ, ಚಿತ್ರದಲ್ಲಿ ಸ್ಟೇರಿಂಗಿಗೆ ಕೂತವರನ್ನು ಕರೆಸುತ್ತೇವೆ ಎಂದ.

ಕರೆಸಿದರು. ಆಮೇಲೆ ಶುರುವಾಯಿತು ನನ್ನ ಫೋನು. ನಮ್ಮವರ ಸಂಘದ ಹಿರಿಯರೊಬ್ಬರು, ನನ್ನ ಮದುವೆಗೆ ಬಂದು ಆಶೀರ್ವಾದ ಮಾಡಿದವರು, ನೇರ ಮಾತಿಗೇ ಬಂದರು. "ಎಂತ ಮಾರಾಯ್ತಿ ಇದು? ನಮ್ಮವರಾಗಿ ನಮ್ಮವರ ಮೇಲೆ ಪೊಲೀಸರ ಹತ್ತಿರ ಹೋಗುದಾ? ಅಷ್ಟು ಒಳ್ಳೆಯ ಮನುಷ್ಯ, ಪ್ರತಿ ವರ್ಷ ರಾಜ್ಯೋತ್ಸವಕ್ಕೆ ಸ್ಟೇಜು ಅವರದ್ದೇ ಖರ್ಚು."

"ಕಾಕ ಯಾರವರು ಮಾವ?"

"ಯಾವ ಕಾಕ?"

"ಅದೇ ಸ್ಟೇಜಿನ ಕುರ್ಚಿಗಳನ್ನು ಪ್ರತಿ ವರ್ಷ ಲಾರಿಯಲ್ಲಿ ತಂದು ಇಳಿಸಿ ಹೋಗುವ ಕಾಕ."

"ಅಯ್ಯೋ, ಅದು ಬೇರೆ ವಿಷಯ."

ನನ್ನ ಅಜ್ಜಿಗೆ ಇಂಥ ಹೊತ್ತಿಗೆಂದೇ ಕೆಲವು ಶಬ್ದಗಳಿದ್ದವು. ಅವು ನನ್ನ ನಾಲಿಗೆಯ ತುದಿಗೆ ಬಂದು ನಿಂತವು. ಮಾವನ ವಯಸ್ಸಿಗೆ ಮರ್ಯಾದೆ ಕೊಟ್ಟು ಫೋನ್ ಇಟ್ಟೆ. ಆ ಮರ್ಯಾದೆಯನ್ನು ಕೊಡಬಾರದಿತ್ತು ಎಂದು ಇವತ್ತಿಗೂ ಅನಿಸುತ್ತದೆ.

ಕೇಸು ನಡೆಯುತ್ತಿರುವಾಗಲೇ ಮ್ಯಾನೇಜರರು 'ವೈಯಕ್ತಿಕ ಕಾರಣಗಳಿಗಾಗಿ' ರಾಜೀನಾಮೆ ಕೊಟ್ಟರು. ಆಫೀಸು ಕೇಕ್ ತರಿಸಿತು. ಎಚ್‌ಆರ್ ಹೆಂಗಸು ಕಣ್ಣೊರೆಸಿಕೊಂಡಳು. ಮಾಲೀಕರು ನನ್ನನ್ನು ಬೈಯಲಿಲ್ಲ, ಹೊಗಳಲೂ ಇಲ್ಲ. ಮುಂದಿನ ಸಲ ಮೊದಲು ನನಗೆ ಫೋನ್ ಮಾಡು ಎಂದಷ್ಟೇ ಹೇಳಿಸಿದರು. ಮರುದಿನ ಎಚ್‌ಆರಿನಿಂದ ನನ್ನ ಮೇಜಿಗೊಂದು ಕಾಗದ ಬಂತು: ಟ್ಯಾಗನ್ನು ಬೇರೆಯವರಿಗೆ ಬಳಸಲು ಕೊಟ್ಟದ್ದಕ್ಕಾಗಿ ಕಾಕನಿಗೆ ಎಚ್ಚರಿಕೆ. ಮೇಲ್ವಿಚಾರಕಿಯಾಗಿ ನನ್ನ ಸಹಿ ಬೇಕು.

"ಕೊಡು ಎಂದವರಿಗೆ ಎಚ್ಚರಿಕೆ ಎಲ್ಲಿ?" ಎಂದು ಕೇಳಿದೆ.

"ಅವರು ಕಂಪನಿಯಲ್ಲೇ ಇಲ್ಲವಲ್ಲ ಮೇಡಂ. ಇಲ್ಲದವರಿಗೆ ಹೇಗೆ ಕೊಡುವುದು?"

ನಾನು ಸಹಿ ಹಾಕಲಿಲ್ಲ. ಕಾಗದ ಹಿಡಿದುಕೊಂಡೇ ಯಾರ್ಡಿಗೆ ಇಳಿದೆ. ಕಾಕ ಮತ್ತೆ ತಮ್ಮ ತಂಪು ಲಾರಿಗೆ ಬಂದಿದ್ದರು. ಶಾಲೆಗಳ ತರಕಾರಿ ತುಂಬಿಸುತ್ತಿದ್ದವರನ್ನು ಏನೋ ಹೇಳಿ ನಗಿಸುತ್ತಿದ್ದರು. ಕಾಗದವನ್ನು ನನ್ನ ಕೈಯಿಂದ ತೆಗೆದು, ಲಾರಿಯ ಬಾನೆಟ್ಟಿನ ಮೇಲಿಟ್ಟು, ನನ್ನದೇ ಪೆನ್ನು ಕೇಳಿ ತಮ್ಮ ಜಾಗದಲ್ಲಿ ಸಹಿ ಹಾಕಿದರು.

"ಯಾಕೆ ಹಾಕಿದಿರಿ? ನಾನು ಜಗಳ ಮಾಡ್ತಿದ್ದೆ!"

"ನಾನು ಟ್ಯಾಗ್ ಕೊಟ್ಟದ್ದು ಹೌದಲ್ಲ ಅಕ್ಕ. ಇದು ಕಾಗದ, ಇರ್ಲಿ. ಲೈಸೆನ್ಸ್ ಜೇಬಲ್ಲುಂಟು."

ಕಾಕನಿಗೆ ಇರಲಿ ಎನ್ನಲು ಬಂತು. ನನಗೆ ಬರಲಿಲ್ಲ. ಕೇಕಿನ ಬಗ್ಗೆ, ಮಾವನ ಬಗ್ಗೆ, ಇಲ್ಲದವರಿಗೆ ಹೇಗೆ ಕೊಡುವುದು ಎಂಬ ಆ ಪ್ರಶ್ನೆಯ ಬಗ್ಗೆ ಅಲ್ಲೇ ಬಿಸಿಲಿನಲ್ಲಿ ನಿಂತು ದೊಡ್ಡ ದನಿಯಲ್ಲಿ ಹೇಳುತ್ತಲೇ ಇದ್ದೆ. ಕಾಕ ಹತ್ತಿ ಕೂತರು, ಸೀಟು ಮುಂದೆ ಎಳೆದುಕೊಂಡರು, ಟ್ಯಾಗ್ ಮುಟ್ಟಿಸಿದರು. ಎಂಜಿನ್ ಹೊತ್ತಿಕೊಂಡಿತು. ನಾನು ಮಾತು ನಿಲ್ಲಿಸಲಿಲ್ಲ. ಕಾಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು:

"ಬದಿಗೆ ಬನ್ನಿ ಅಕ್ಕ, ರಿವರ್ಸ್ ತೆಗೀಲಿಕ್ಕುಂಟು."